ಅಜ್ಜ ಕೈ ತೆಗೆಯೋ ತನಕ

ಅಯ್ಯೋ, ಜೇಬು ತಡಕಬ್ಯಾಡ ಕಣಜ್ಜ! ಟಿಕೆಟ್ಟೂ ಇಲ್ಲ, ಬಸ್ಸೂ ಇಲ್ಲ. ನಾನು ಕಂಡಕ್ಟರ್ ಅಲ್ಲ... ಅಲ್ಲ ಅಂದ್ನಲ್ಲ! ಮತ್ತೆ ಒಳಜೇಬಿಗೆ ಕೈ ಹಾಕ್ತೀಯಲ್ಲ, ಅಲ್ಲೇನೈತೆ? ತೋರ್ಸು... ಎಲೆಅಡಿಕೆ ಚೀಲದ ದಾರ. ಸರಿ ಬಿಡು, ಈ ದಾರಕ್ಕೆ ಹಿರಿಯೂರು ತನಕ ಕರ್ಕಂಡು ಹೋಗಬಹುದು ನಿನ್ನ. ನಗಬ್ಯಾಡ, ಕೈ ಎತ್ತು, ಅಂಗಿ ಬಿಚ್ಚಾಣ. ಹಾಂ... ಇನ್ನೊಂದು ಕೈ. ಅದಲ್ಲ, ಅದು ಆಗ್ಲೇ ಬಿಚ್ಚಿ ಆಯ್ತು. ಇನ್ನೊಂದು!

ನಿನ್ನೆ ಬಂದಿದ್ನಲ್ಲ ಕಂಡಕ್ಟರ್ ಶಿವರಾಜ, ಕುತ್ತಿಗೆಗೆ ಚೀಲ ನೇತಾಕ್ಕಂಡು, ಬಾಯಲ್ಲಿ ಪೀಪಿ ಇಟ್ಕಂಡು, 'ಧರ್ಮಪುರ, ಧರ್ಮಪುರ, ಯಾರ್ರೀ ಧರ್ಮಪುರ' ಅಂತ... ಅದು ನಾನೇ ಕಣಜ್ಜ. ಆ ಚೀಲ ಅವ್ವನ ಸಂತೆ ಚೀಲ. ಅದರ ಹಿಂದಿನ ದಿನ ಪಶು ಆಸ್ಪತ್ರೆ ಕಾಂಪೌಂಡರ್ ಬಂದಿದ್ದ, ಅದೂ ನಾನೇ. ನೀನು ನನ್ನ ಕೈ ಹಿಡ್ಕಂಡು ಹೋಗಿ ಖಾಲಿ ರೊಪ್ಪ ತೋರಿಸ್ದೆ, ಅಲ್ಲಿ ಒಂದು ಕುರಿನೂ ಇಲ್ಲ, ಬರೀ ಹಿಕ್ಕೆ. 'ಈ ಕರಿದು ಎರಡು ದಿನದಿಂದ ಮೇವು ಮುಟ್ಟಿಲ್ಲ ಸಾರ್' ಅಂದೆ. ನಾನೂ ಗಾಳಿಗೆ ಸೂಜಿ ಚುಚ್ಚಿ, 'ನಾಳೆಯಿಂದ ತಿಂತೈತೆ ಯಜಮಾನ' ಅಂದೆ. ನಿಂಗೆ ಎಷ್ಟು ಖುಷಿ ಆಯ್ತು! ಓಟು ಕೇಳಾಕೆ ಬಂದೋನೂ ನಾನೇ. ಗ್ಯಾಸ್ ಸಿಲಿಂಡರ್ ತಂದೋನೂ ನಾನೇ. ಸಿಲಿಂಡರ್ ಅಂದ್ರೆ ಬಿಂದಿಗೆ.

ಇವತ್ತು ವೇಷ ಇಲ್ಲ ಕಣಜ್ಜ. ನೋಡು, ಇದೇ ಮುಖ. ಚೀಲ ಇಲ್ಲ, ಪೀಪಿ ಇಲ್ಲ.

...ಯಾಕೆ ಹಂಗ್ ನೋಡ್ತೀಯ? ಕಂಡಕ್ಟರ್‌ಗೆ 'ಬಾರಪ್ಪ, ಬಿಸಿಲಲ್ಲಿ ಬಂದೀಯ, ಮಜ್ಜಿಗೆ ಕುಡಿ' ಅಂದೆ. ಕಾಂಪೌಂಡರ್‌ಗೆ ಚಾಪೆ ಹಾಸ್ದೆ. ಓಟಿನೋನಿಗೆ ಕೈ ಮುಗಿದೆ, ಅದೂ ಎದ್ದು ನಿಂತು. ನಾನು ನಾನಾಗಿ ಬಂದ್ರೆ ಬರೀ ಈ ನೋಟ. ಆಯ್ತು ಬಿಡು. ನಡಿ, ಹಿತ್ತಲಿಗೆ ಹೋಗಾಣ. ನೀರು ಕಾದೈತೆ, ಹೊಂಗೆ ಮರದ ಕೆಳಗೆ ಕಲ್ಲು ಇಟ್ಟೀನಿ. ಮೆಟ್ಲು, ಮೆಟ್ಲು! ಹುಷಾರು. ಇನ್ನೊಂದು ಸಾರಿ ಬಿದ್ದೀಯ ಮತ್ತೆ.

ಕುಂತ್ಕ. ಹಾಂ, ಹಂಗೆ. ಮೊದಲು ಎಣ್ಣೆ, ಆಮೇಲೆ ಸೀಗೆಕಾಯಿ, ಆಮೇಲೆ ನೀರು. ಸಾಯಂಕಾಲ ಬೀರಪ್ಪನ ಗುಡಿ ಮುಂದೆ ನೀನು ಹೊಳೀಬೇಕು ಅಂತ ಹೇಳವ್ರೆ ನಮ್ಮ ದೊಡ್ಡಪ್ಪ. ದೊಡ್ಡಪ್ಪ ಅಂದ್ರೆ ಯಾರು ಅಂತೀಯಾ? ನಿನ್ನ ಹಿರೇ ಮಗ, ಬೀರಣ್ಣ. ಹೊರಗೆ ಜಗುಲಿ ಮ್ಯಾಲೆ ಕುಂತು ಕುಲದ ಯಜಮಾನ್ರಿಗೆ ಟೀ ಕುಡಿಸ್ತಾ ಐತೆ. ನಿನ್ನ ಕಿರೇ ಮಗ ನಮ್ಮಪ್ಪ. ಅಪ್ಪ, ಅವ್ವ ಇಬ್ರೂ ಕುರಿಮಂದೆ ಹೊಡ್ಕಂಡು ಭದ್ರಾ ಕಾಲುವೆ ಕಡೆ ಗದ್ದೆ ಬಯಲಿಗೆ ಹೋಗವ್ರೆ. ಗದ್ದೇಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸ್ಬೇಕು, ಮಳೆಗಾಲಕ್ಕೆ ವಾಪಸ್. ಮನೇಲಿ ಯಾರು? ನೀನು, ನಾನು. ಸ್ಕೂಲು ಬಿಟ್ಟೋನಿಗೆ ಬ್ಯಾರೆ ಏನು ಕೆಲಸ ಅಂತ ನಿನ್ನ ನನ್ನ ಕೈಗೆ ಕೊಟ್ಟು ಹೋದ್ರು.

ಬಿಟ್ಟಿದ್ದಲ್ಲ ಕಣಜ್ಜ, ಬಿಡಿಸಿದ್ದು. ಕೇಳ್ತೀಯಾ? ಎಷ್ಟು ಸಾರಿ ಹೇಳಿದ್ರೂ ನೀನು ಹೊಸದಾಗಿ ನಗ್ತೀಯ, ಅದೇ ನಂಗೆ ಇಷ್ಟ. ನಮ್ಮ ದೊಡ್ಡ ಟಗರು ಇತ್ತಲ್ಲ, ಕೊಂಬು ಸುರುಳಿ ಸುತ್ಕಂಡು... ಅದಕ್ಕೆ ಹೆಡ್‌ಮೇಷ್ಟ್ರ ಶಾಲು ಹೊದಿಸಿ ಒಂಬತ್ತನೇ ಕ್ಲಾಸಿಗೆ ಬಿಟ್ಟೆ. ಅಟೆಂಡೆನ್ಸ್ ಕೂಗ್ತಾ ಇದ್ರು. ನನ್ನ ಹೆಸರು ಬಂತು, ಅದು ಬ್ಯಾ ಅಂತು! ಹ್ಹ ಹ್ಹ... ನೋಡು, ನಕ್ಕೆ. ಮೇಷ್ಟ್ರು ನಗಲಿಲ್ಲ. 'ನಿನ್ನ ತಲೇಲಿ ಏನೂ ಇಲ್ಲ, ಮನೆಗೆ ನಡಿ' ಅಂದ್ರು. ಬಂದೆ. ಅವತ್ತಿಂದ ಹಟ್ಟಿಯೋರಿಗೆಲ್ಲ ನಾನು ಜೋಕರ್. ಜೋಕರ್ ಬಾರೋ, ಜೋಕರ್ ಹೋಗೋ. ಅಂಗಡಿ ದಾಕ್ಷಾಯಿಣಕ್ಕನೂ ಜೋಕರ್ ಅಂತಾಳೆ. ಅವ್ವ ಫೋನ್ ಮಾಡಿದ್ರೆ 'ಲೋ' ಅಂತ ಶುರು ಮಾಡ್ತಾಳೆ. 'ಲೋ, ಅಜ್ಜ ಉಂಡ್ನಾ? ಲೋ, ಅಜ್ಜ ರಸ್ತೆಗೆ ಹೋಗಲಿಲ್ಲ ತಾನೆ?' ಅಷ್ಟೊತ್ತಿಗೆ ಸಿಗ್ನಲ್ ಹೋಗುತ್ತೆ.

ತಲೆ ಅಲ್ಲಾಡಿಸಬ್ಯಾಡ. ಎಣ್ಣೆ ಕಿವಿಗೆ ಇಳೀತೈತೆ.

ಎಂಥಾ ತಲೆ ಅಜ್ಜ ನಿಂದು! ಕಣ್ಣು ಮುಚ್ಕಂಡು ಬೆರಳಾಡಿಸಿದ್ರೆ ನಮ್ಮ ಧರ್ಮಪುರದ ರಸ್ತೆ. ಇಲ್ಲೊಂದು ಗುಂಡಿ. ಇಲ್ಲೊಂದು ಹಂಪು. ಇದು... ಇದು ಎರಡು ಕಾಯಿ ಒಂದೇ ಕಡೆ ಬಿದ್ದಿದ್ದು ಇರಬೇಕು. ನೋವಾ? ಇಲ್ವಾ? ಕಾಯಿ ಪಾಲಯ್ಯ ಅಂದ್ರೆ ಆಂಧ್ರದ ಗಡಿ ದಾಟಿ ಹೆಸರು ನಿಂದು. ಕಂಬಳಿ ಮ್ಯಾಲೆ ಚಕ್ಕಂಬಕ್ಕಲ ಹಾಕ್ಕಂಡು, ಮೈತುಂಬ ಅರಿಶಿಣದ ಭಂಡಾರ ಬಳ್ಕಂಡು, ಡೊಳ್ಳು ಹೊಡೀತಿದ್ರೆ ನೀನು ಕಣ್ಣೇ ಮಿಟುಕಿಸ್ತಿರಲಿಲ್ಲ. ಹರಕೆ ಹೊತ್ತೋರು ತಂದ ಕಾಯಿ ಎಲ್ಲಾ ಪೂಜಾರಿ ನಿನ್ನ ನೆತ್ತಿ ಮ್ಯಾಲೇ ಒಡೀಬೇಕು. ಠಪ್! ಕಾಯಿ ನೀರು ಮುಖದ ಮ್ಯಾಲೆ ಇಳೀತಿತ್ತು. ಜನ ಚಾಂಗುಭಲೋ ಅಂತ ಕೂಗೋರು. ನಾನು ಅಜ್ಜಿ ಸೊಂಟದ ಮ್ಯಾಲೆ ಕುಂತು 'ನಮ್ಮಜ್ಜ, ನಮ್ಮಜ್ಜ' ಅಂತ ಕುಣೀತಿದ್ದೆ. ಕಾಯಿ ಚೂರು ಆರಿಸ್ಕಂಡು ತಿನ್ನಾಕೆ ಓಡ್ತಿದ್ದೆ.

ಆಮೇಲಿಂದು ಯಾರೂ ನೋಡ್ತಿರಲಿಲ್ಲ. ನಾನು ನೋಡ್ತಿದ್ದೆ.

ಗುಡಿ ಹಿಂದೆ ಹೋಗಿ ವಾಂತಿ ಮಾಡ್ಕಳ್ತಿದ್ದೆ ನೀನು. ಅಜ್ಜಿ ಬರಗೇರಮ್ಮ ನಿನ್ನ ತೋಳು ಹಿಡ್ಕಂಡು ಮನೆಗೆ ತಂದು ಕತ್ತಲ ಕೋಣೇಲಿ ಮಲಗಿಸ್ತಿದ್ಲು. ಬಾಗಿಲು ಹಾಕಿ, ಕಿಟಕಿಗೆ ಗೋಣಿ ಕಟ್ಟಿ, 'ಯಾರೂ ಸದ್ದು ಮಾಡಬ್ಯಾಡ್ರಿ, ದೇವರು ಮೈಮ್ಯಾಲಿಂದ ಇಳೀತಾ ಐತೆ' ಅನ್ನೋಳು. ಬೆಳಕು ಕಂಡ್ರೆ ಕಣ್ಣು ಮುಚ್ಕಳ್ತಿದ್ದೆ. ಡೊಳ್ಳಿನ ಸದ್ದಿಗೆ ನರಳ್ತಿದ್ದೆ. ಒಂದು ವರ್ಷ ಅಜ್ಜೀನ ನೋಡಿ 'ಯಾರಮ್ಮ ನೀನು' ಅಂದ್ಯಂತೆ. ಅವಳು ಹಟ್ಟಿಗೆಲ್ಲ ಹೇಳ್ಕಂಡು ಬಂದ್ಲು, 'ಈ ಸಾರಿ ಬೀರಪ್ಪ ಪೂರ್ತಿ ತುಂಬ್ಕಂಡಿದ್ದ, ಹೆಂಡ್ತಿ ಗುರುತೇ ಸಿಗಲಿಲ್ಲ' ಅಂತ. ಎಷ್ಟು ಜಂಬ ಅವಳಿಗೆ! ಎರಡು ದಿನಕ್ಕೆ ನೀನು ಎದ್ದು ರೊಟ್ಟಿ ಕೇಳಿದ್ರೆ, ದೇವರು ಇಳಿದ ಅಂತ ಲೆಕ್ಕ.

ಪಾಪ ಅಜ್ಜಿ. ಅವಳಿಗೇನು ಗೊತ್ತು? ನಂಗೇನು ಗೊತ್ತಿತ್ತು, ದುರ್ಗದ ಆಸ್ಪತ್ರೆಗೆ ಹೋಗೋ ತನಕ?

ದುರ್ಗ ಕಣಜ್ಜ, ಹೋದ್ವಲ್ಲ! ನೀನು ಬಸ್ಸಲ್ಲಿ ಕೋಟೆ ಕಂಡ ತಕ್ಷಣ ಇಳೀತೀನಿ ಅಂತ ಹಟ ಮಾಡಿದ್ಯಲ್ಲ. ನೆನಪಿಲ್ವಾ... ಸರಿ. ಆ ಡಾಕ್ಟ್ರಮ್ಮ ಒಳ್ಳೇಳು. ನಿನ್ನ ತಲೆ ಫೋಟೋ ತೆಗ್ಸಿ, ದೀಪದ ಮುಂದೆ ಹಿಡಿದು ನೋಡಿದ್ಲು. 'ಈ ಅಜ್ಜನಿಗೆ ಯಾವಾಗಾದ್ರೂ ತಲೆಗೆ ಪೆಟ್ಟು ಬಿದ್ದಿತ್ತಾ?' ಅಂದ್ಲು. ದೊಡ್ಡಪ್ಪ ಏನಂದ್ರು ಗೊತ್ತಾ? 'ಇಲ್ಲ ಮೇಡಂ. ಒಂದು ದಿನಾನೂ ಇಲ್ಲ. ಕಲ್ಲಿನಂಥ ಆಳು.' 'ಬೈಕಿಂದ ಬಿದ್ದಿದ್ದು? ಮರದಿಂದ?' 'ಇಲ್ಲವೇ ಇಲ್ಲ.' ಸುಳ್ಳು ಹೇಳ್ತಿರಲಿಲ್ಲ ಕಣಜ್ಜ ಆಯಪ್ಪ! ನಿಜವಾಗ್ಲೂ ಹಂಗೇ ಅಂದ್ಕಂಡಿತ್ತು. ಕಾಯಿ ಬಿದ್ರೆ ಅದು ಪೆಟ್ಟಾ? ಪೆಟ್ಟು ಅಂದ್ರೆ ಜಗಳದಲ್ಲಿ ಬೀಳೋದು. ಇದು ದೇವರ ಕಾಯಿ.

ನಂಗೆ ನಗು ತಡೀಲಿಲ್ಲ. ಕಿಸಕ್ಕಂತ ನಕ್ಕೆ. 'ಏನಪ್ಪಾ?' ಅಂದ್ಲು. 'ಪೆಟ್ಟಿಲ್ಲ ಡಾಕ್ಟ್ರೇ, ಬರೀ ತೆಂಗಿನಕಾಯಿ' ಅಂದೆ. 'ಎಷ್ಟು?' ಅಂದ್ಲು. 'ತೋಟದಷ್ಟು' ಅಂದೆ. ಆಯಮ್ಮ ನಗಲಿಲ್ಲ. ಪೆನ್ನು ಕೆಳಗಿಟ್ಲು. ಜಗತ್ತಲ್ಲಿ ನನ್ನ ಜೋಕಿಗೆ ಯಾರಾದ್ರೂ ಪೆನ್ನು ಕೆಳಗಿಟ್ರೆ ನಂಗೆ ಹೆದರಿಕೆ ಆಗುತ್ತೆ ಅಜ್ಜ. ಮೇಷ್ಟ್ರೂ ಹಂಗೇ ಮಾಡಿದ್ರು.

ಆಮೇಲೆ ಬಿಡಿಸಿ ಹೇಳಿದ್ಲು. ಮೊಸರು ಡಬ್ಬಿ ಇಟ್ಕಂಡು ಬೈಕಲ್ಲಿ ಹೋದಂಗಂತೆ. ಡಬ್ಬಿಗೆ ಏನೂ ಆಗಲ್ಲ, ಗೀರೂ ಬೀಳಲ್ಲ, ಒಳಗಿನ ಮೊಸರು ಅತ್ತ ಇತ್ತ ಬಡ್ಕಂಡು ಒಡೀತೈತೆ. ತಲೆನೂ ಹಂಗೇ. ರಕ್ತ ಬರಲಿಲ್ಲ, ಎಚ್ಚರ ತಪ್ಪಲಿಲ್ಲ ಅಂದ್ರೂ ಒಳಗೆ ಮಿದುಳು ಬುರುಡೆಗೆ ಹೋಗಿ ಬಡಿಯುತ್ತೆ. ಒಂದು ಸಾರಿ ಆದ್ರೆ ಬಹಳ ಜನಕ್ಕೆ ಸರಿಹೋಗುತ್ತೆ. ಮತ್ತೆ ಮತ್ತೆ ಬಿದ್ರೆ, ಮುಂದೆ ವಯಸ್ಸಾದ ಮ್ಯಾಲೆ ಮರೆವಿನ ಕಾಯಿಲೆ ಬರೋ ಸಾಧ್ಯತೆ ಜಾಸ್ತಿ ಅಂದ್ಲು. ದೊಡ್ಡಪ್ಪ ಕೇಳಿದ್ರು, 'ಇದರಿಂದ್ಲೇ ಬಂತು ಅಂತೀರೇನು?' 'ಹಂಗೆ ಬರ್ಕೊಡಕ್ಕೆ ಆಗಲ್ಲಪ್ಪ. ಪೆಟ್ಟು ಬಿದ್ದೋರಿಗೆಲ್ಲ ಬರಲ್ಲ, ಬೀಳದೇ ಇದ್ದೋರಿಗೂ ಬರುತ್ತೆ. ಆದ್ರೆ ಬೇಕಂತ ಅಪಾಯ ಯಾಕೆ ತರ್ಸ್ಕಳ್ಬೇಕು? ಇನ್ನು ಮುಂದೆ ನಿಮ್ಮ ಮನೇಲಿ ಯಾರೂ ತಲೆ ಮೇಲೆ ಕಾಯಿ ಒಡಿಸ್ಕಳಬೇಡಿ' ಅಂದ್ಲು. ಹೇಳೋವಾಗ ನನ್ನೇ ನೋಡಿದ್ಲು.

ಆ ಫೋಟೋ ನಾನೂ ನೋಡ್ದೆ. ಒಣಗಿದ ಶೇಂಗಾ ಇರುತ್ತಲ್ಲ, ಸಿಪ್ಪೆ ದೊಡ್ಡದು, ಬೀಜ ಒಳಗೆ ಕುಗ್ಗಿ ಕುಂತಿರುತ್ತೆ, ಅಲ್ಲಾಡಿಸಿದ್ರೆ ಗಲಗಲ ಅನ್ನುತ್ತೆ... ಹಂಗಿತ್ತು. ವಾಪಸ್ ಬರೋವಾಗ ಬಸ್ಸಲ್ಲಿ ನೀನು ನನ್ನ ಭುಜದ ಮ್ಯಾಲೆ ಮಲಗಿದ್ದೆ. ನಾನು ನಿನ್ನ ತಲೆ ಹಿಡ್ಕಂಡೇ ಕುಂತಿದ್ದೆ, ಹಂಪಲ್ಲಿ ಗಲಗಲ ಅನ್ನಬಾರದು ಅಂತ. ಹಿರಿಯೂರಲ್ಲಿ ಬಸ್ಸು ಇಳಿದ್ವಿ. ದೊಡ್ಡಪ್ಪ 'ಆ ಮಾತು ಹಟ್ಟಿಗೆ ತರಬ್ಯಾಡ ಕಣೋ, ನಿಮ್ಮಪ್ಪನಿಗೂ ಹೇಳಬ್ಯಾಡ' ಅಂತು.

ಕಣ್ಣು ಮುಚ್ಕ, ಸೀಗೆಕಾಯಿ ಹಾಕ್ತೀನಿ. ಗಟ್ಟಿ ಮುಚ್ಕ!

ಏನು ದೊಡ್ಡಪ್ಪಾ?... ಹೂಂ, ಕಲೀತಾ ಐತೆ! ಇನ್ನೊಂದೇ ಅಕ್ಷರ ಬಾಕಿ!... ಅಯ್ಯೋ ಮಾರಾಯಾ, ನನ್ನ ಹೆಸರು ಹಿಡಿದು ಅಲ್ಲಿಂದ ಕೂಗಬ್ಯಾಡ, ಅಜ್ಜನಿಗೆ ಕೇಳಿ...

ಏನಿಲ್ಲ ಅಜ್ಜ, ಅದು ಟೀ ಸಕ್ಕರೆ ವಿಷಯ. ನಿಂಗೇನೂ ಕೇಳಿಸ್ಲಿಲ್ಲ ತಾನೆ? ಕೇಳಿಸ್ಲಿಲ್ಲ. ಒಳ್ಳೇದಾಯ್ತು. ಅಲ್ಲ, ಒಳ್ಳೇದು ಅಂದ್ರೆ... ನೀರು ಬಿಸಿ ಸರಿಯಾಗೈತಾ ಅಂದೆ.

ನಗ್ತೀಯ ಯಾಕೆ? ಹೆದರಿಕೆನಾ, ನಂಗಾ? ನಾನು ಜೋಕರ್ ಕಣಜ್ಜ. ಮೇಷ್ಟ್ರೇ ಹೇಳವ್ರೆ ತಲೇಲಿ ಏನೂ ಇಲ್ಲ ಅಂತ, ಖಾಲಿ ಡಬ್ಬಿ ಮ್ಯಾಲೆ ಕಾಯಿ ಬಿದ್ರೆ ಒಡೆಯೋಕೆ ಮೊಸರೆಲ್ಲೈತೆ? ಪ್ರಾಕ್ಟೀಸ್ ಬ್ಯಾರೆ ಮಾಡೀನಿ. ಮೊನ್ನೆ ಈರುಳ್ಳಿ ತಗಂಡು ನೆತ್ತಿ ಮ್ಯಾಲೆ ಕುಟ್ಕಂಡೆ. ಕಣ್ಣಲ್ಲಿ ನೀರು ಬಂತು, ಈರುಳ್ಳಿದು. ಅಪ್ಪನ ಬೈಕ್ ಹೆಲ್ಮೆಟ್‌ಗೆ ಭಂಡಾರ ಬಳ್ದು, ಅದನ್ನ ಹಾಕ್ಕಂಡೇ ಕಂಬಳಿ ಮ್ಯಾಲೆ ಕುಂತ್ಕಳ್ಳಾ ಅಂತ ಯಜಮಾನ್ರನ್ನ ಕೇಳ್ದೆ. ಓಡಿಸ್ಕಂಡು ಬಂದ್ರು. ವಿಚಿತ್ರ ನೋಡು, ಧರ್ಮಪುರಕ್ಕೆ ಹೆಲ್ಮೆಟ್ ಇಲ್ದೆ ಹೋದ್ರೆ ಪೊಲೀಸ್ನೋರು ಹಿಡೀತಾರೆ. ಗುಡಿ ಮುಂದೆ ಹಾಕ್ಕಂಡು ಕುಂತ್ರೆ ಕುಲದೋರು ಹಿಡೀತಾರೆ.

ಸರದಿ ನಂದಂತೆ ಕಣಜ್ಜ. ನಿಂಗೂ ಹಂಗೇ ಬಂದಿದ್ದು ಅಲ್ವಾ? ನಿಮ್ಮಜ್ಜನಿಂದ ನಿಂಗೆ, ನಿನ್ನಿಂದ ನಂಗೆ. ಮಗನಿಗೆ ಬರಲ್ಲ, ಮೊಮ್ಮಗನಿಗೇ. ದೊಡ್ಡಪ್ಪನಿಗೆ ಬರೀ ಹೆಣ್ಮಕ್ಕಳು, ತಪ್ಪಿಸ್ಕಂಡ್ರು ಪುಣ್ಯವಂತೇರು. ನೀನು ಬಿಟ್ಟ ಮ್ಯಾಲೆ ಗುಡಿ ಮುಂದೆ ಕಾಯಿ ಒಡೆದಿಲ್ಲ. ಕುರಿಗೆ ರೋಗ ಬಂದ್ರೆ ಅದಕ್ಕೇ ಅಂತಾರೆ, ಬೋರು ಬತ್ತಿದ್ರೆ ಅದಕ್ಕೇ ಅಂತಾರೆ. ಯಾರದೋ ಮದುವೆ ಮುರಿದ್ರೂ ನನ್ನ ನೆತ್ತಿ ನೋಡ್ತಾರೆ.

ಅದಕ್ಕೆ ನೀನು ಇವತ್ತು ಸಾಯಂಕಾಲ ಮೂರು ಕೆಲಸ ಮಾಡ್ಬೇಕು. ನೆಪ್ಪಿಟ್ಕ. ಅಂದ್ರೆ... ನೆಪ್ಪಿಟ್ಕಳ್ಳದಿದ್ರೂ ಪರವಾಗಿಲ್ಲ. ಒಂದು, ಎಲ್ರ ಮುಂದೆ ನನ್ನ ಹೆಸರು ಹಿಡಿದು ಕರೀಬೇಕು, ನಿನ್ನ ಬಾಯಲ್ಲೇ, ಬ್ಯಾರೆ ಯಾರೂ ಹೇಳ್ಕೊಡಂಗಿಲ್ಲ. ಕರೆದ್ರೆ ನಾನು ಬಂದು ಕಂಬಳಿ ಮ್ಯಾಲೆ ಕುಂತ್ಕಬೇಕು. ಎರಡು, ನನ್ನ ನೆತ್ತಿ ಮ್ಯಾಲೆ ನಿನ್ನ ಬಲಗೈ ಇಡ್ಬೇಕು. ಆ ಕೈ ಇರೋ ತನಕ ಪೂಜಾರಿ ಕಾಯಿ ಮುಟ್ಟಂಗಿಲ್ಲ, ಕುಲದ ಯಜಮಾನ್ರೂ ಉಸಿರು ಬಿಡಂಗಿಲ್ಲ. ಮೂರು, ಕೈ ತೆಗೀಬೇಕು. ತೆಗೆದ ತಕ್ಷಣ ಠಪ್. ಅಲ್ಲಿಗೆ ಕಾಯಿ ಪಾಲಯ್ಯ ರಿಟೈರ್.

ನೀನು ಹೆಸರು ಮರ್ತೀಯ ಅಂತಾನೇ ದೊಡ್ಡಪ್ಪ ನಂಗೆ ಮೇಷ್ಟ್ರ ಕೆಲಸ ಕೊಟ್ಟಿರೋದು. 'ಅಜ್ಜನಿಗೆ ದಿನಾ ನಿನ್ನ ಹೆಸರು ಬಾಯಿಪಾಠ ಮಾಡ್ಸು' ಅಂತ. ಒಂಬತ್ತನೇ ಕ್ಲಾಸು ಪಾಸಾಗದೋನಿಗೆ ಮೇಷ್ಟ್ರ ಕೆಲಸ! ಮಾಡಿದ್ನಲ್ಲ... ದಿನಾ ನಿನ್ನ ಪಕ್ಕ ಕುಂತು ಹೇಳ್ಕೊಟ್ನಲ್ಲ. ನಿನ್ನೆ ಹೇಳ್ಕೊಟ್ಟೆ, 'ನಾನು ಶಿವರಾಜ, ಕಂಡಕ್ಟರ್ ಶಿವರಾಜ.' ಮೊನ್ನೆ ಹೇಳ್ಕೊಟ್ಟೆ, 'ನಾನು ಕಾಂಪೌಂಡರ್ ಮಲ್ಲೇಶಿ.' ಅದಕ್ಕೂ ಮುಂಚೆ...

ಹಂಗ್ ನೋಡಬ್ಯಾಡ ಅಜ್ಜ.

ತಮಾಷೆಗೆ ಮಾಡಿದ್ದು ಕಣಜ್ಜ! ಜೋಕು! ನೀನು ನಗ್ತಿದ್ಯಲ್ಲ, ಅದಕ್ಕೆ. ವೇಷ ಹಾಕಿದ್ರೆ ನಿಂಗೂ ಹೊತ್ತು ಹೋಗುತ್ತೆ, ನಂಗೂ ಹೊತ್ತು ಹೋಗುತ್ತೆ. ಮನೇಲಿ ಬ್ಯಾರೆ ಯಾರವ್ರೆ ಮಾತಾಡಾಕೆ? ...ನೀರು ಹಾಕ್ತೀನಿ, ತಲೆ ಬಗ್ಗಿಸು. ಬಗ್ಗಿಸು ಅಂದ್ರೆ! ನನ್ನ ಮುಖ ನೋಡ್ತಾ ಕುಂತ್ರೆ ಸೀಗೆಕಾಯಿ ಕಣ್ಣಿಗೆ ಹೋಗುತ್ತೆ.

ಸರಿ, ತಮಾಷೆಗಲ್ಲ ಅಂತಾನೇ ಇಟ್ಕ. ಏನಿವಾಗ? ನಾನು ಒಲ್ಲೆ ಅಂದ್ರೆ 'ಜೋಕರ್ ಹೆದರ್ಕಂಡ' ಅಂತಾರೆ, ಅಪ್ಪ ಯಾರ ಮುಂದೆನೂ ತಲೆ ಎತ್ತಂಗಿಲ್ಲ. ನೀನು ಕರೀಲಿಲ್ಲ ಅಂದ್ರೆ? 'ಪಾಲಯ್ಯನ ಬಾಯಿಂದ ಬೀರಪ್ಪನೇ ಹೆಸರು ಹೊರಡಿಸ್ಲಿಲ್ಲ' ಅಂತಾರೆ. ಯಾರದೂ ತಪ್ಪಿಲ್ಲ. ನಂದೂ ಇಲ್ಲ, ನಿಂದೂ ಇಲ್ಲ. ಎಂಥಾ ಪ್ಲಾನು! ಆ ಹೆಡ್‌ಮೇಷ್ಟ್ರು ಇದನ್ನ ನೋಡಿದ್ರೆ ತಲೇಲಿ ಏನೋ ಐತೆ ಅಂತ ಒಪ್ಕಳೋರು. ನಿನ್ನ ತಲೇಲಿ ಇರೋದನ್ನ ಕಾಯಿಗಳು ತಗಂಡು ಹೋದ್ವು, ನಾನು ಉಳಿದಿದ್ದನ್ನ ನೂಕ್ತಾ ಇದ್ದೆ. ಒಂದೊಂದು ದಿನ ಒಂದೊಂದು ಹೆಸರು ತುರುಕಿ ನನ್ನ ಹೆಸರನ್ನ ಹಿಂದೆ ಹಿಂದೆ...

ದೂರ್ಬ್ಯಾಡ ಅಜ್ಜ. ನಿನ್ನ ಥರ ಆಗೋದು ಬ್ಯಾಡ ನಂಗೆ. ನಿನ್ನ ಥರ ಅಂದ್ರೆ... ನಿನ್ನಂಥ ಧೈರ್ಯಸ್ಥ ಆಗ್ಬೇಕು. ಆದ್ರೆ ಖಾಲಿ ರೊಪ್ಪದಲ್ಲಿ ನಿಂತು ಇಲ್ಲದ ಕುರಿ ಮೈ ಸವರೋದು ಬ್ಯಾಡ. ಅಜ್ಜಿ ಸತ್ತಿದ್ದು ದಿನಾ ಹೊಸದಾಗಿ ಕೇಳಿ ದಿನಾ ಹೊಸದಾಗಿ ಅಳೋದು ಬ್ಯಾಡ. ಅದಕ್ಕೇ ಅಲ್ವಾ ನಾನು ಈಗ 'ಅಜ್ಜಿ ತಾಳ್ಯಕ್ಕೆ ಮದುವೆಗೆ ಹೋಗವ್ಳೆ' ಅನ್ನೋದು? ಅವಳು ಬರ್ತಾಳೆ ಅಂತ ನೀನು ತಟ್ಟೇಲಿ ಅರ್ಧ ರೊಟ್ಟಿ ಬಿಡ್ತೀಯ. ನಂಗೆ ಯಾರು ಬಿಡ್ತಾರೆ ಆವಾಗ?

ಡೊಳ್ಳು ಶುರುವಾಯ್ತು. ಕೇಳಿಸ್ತಾ? ಚರ್ಮ ಕಾಯಿಸ್ಕಂಡು ಸುಮ್ನೆ ಬಡಿದು ನೋಡ್ತಾ ಅವ್ರೆ, ಇನ್ನೂ ಹೊತ್ತೈತೆ. ಬೆರಳು ಆಡಿಸ್ತೀಯಲ್ಲ ತೊಡೆ ಮ್ಯಾಲೆ! ಡೊಳ್ಳಿನ ಪೆಟ್ಟು ನೆನಪೈತೆ ನಿಂಗೆ. ಒಂದು ಪೆಟ್ಟೂ ತಪ್ಪಲ್ಲ. ಮಂದೇಲಿರೋ ಒಂದೊಂದು ಕುರಿ ಮುಖ ನೆನಪೈತೆ. ಕಿವಿ ಹರಿದ ಕೆಂಚಿ ನೆನಪೈತೆ, ಅದು ನಾನು ಹುಟ್ಟೋಕೆ ಮುಂಚೆ ಸತ್ತಿದ್ದು.

ಅಜ್ಜ.

ಇಲ್ಲಿ ನೋಡು. ನಾನು ಇಲ್ಲಿ ಕೆಳಗೆ ಕುಂತ್ಕಳ್ತೀನಿ, ನಿನ್ನ ಮುಂದೆ, ಒದ್ದೆ ನೆಲದ ಮ್ಯಾಲೆ. ಯಾರೂ ಇಲ್ಲ. ಕಂಬಳಿ ಇಲ್ಲ, ಪೂಜಾರಿ ಇಲ್ಲ, ಗೋಡೆ ಆಚೆ ದೊಡ್ಡಪ್ಪನಿಗೆ ಕೇಳಲ್ಲ. ಇಲ್ಲಿ ಕರೆದ್ರೆ ಅದು ಲೆಕ್ಕಕ್ಕಿಲ್ಲ. ನಾನ್ಯಾರು ಹೇಳು.

ಕಂಡಕ್ಟರ್ ಅಲ್ಲ. ಜೇಬು ಇಲ್ಲ ಈಗ, ಅಂಗಿ ಬಿಚ್ಚೀವಿ. ಕಾಂಪೌಂಡರ್ ಅಲ್ಲ. ನೀನು ಹೆಗಲ ಮ್ಯಾಲೆ ಕುಂಡ್ರಿಸ್ಕಂಡು ವಾಣಿವಿಲಾಸ ಡ್ಯಾಮ್ ತೋರ್ಸಿದ್ಯಲ್ಲ, ಆ ಹುಡುಗ. 'ಅಷ್ಟು ನೀರು ಯಾರು ಕುಡೀತಾರಜ್ಜ' ಅಂದಿದ್ದಕ್ಕೆ ಬಿದ್ದು ಬಿದ್ದು ನಕ್ಕಿದ್ಯಲ್ಲ, ಆ ಹುಡುಗ. ಜ್ವರ ಬಂದಾಗ ಕಂಬಳಿ ಒಳಗೆ ನಿನ್ನ ಹೊಟ್ಟೆಗೆ ಅಂಟಿ ಮಲಗ್ತಿದ್ನಲ್ಲ... ನಿಧಾನ ಯೋಚ್ನೆ ಮಾಡು. ಅವಸರ ಇಲ್ಲ.

...

ಮತ್ತೆ ಇಲ್ಲದ ಜೇಬು ತಡಕ್ತೀಯಲ್ಲ.

ಸರಿಯಾಗೇ ಐತೆ ಬಿಡು! ಇದೇ ತಾನೆ ನಂಗೆ ಬೇಕಾಗಿದ್ದು? ಇಲ್ಲೇ ಬರಲಿಲ್ಲ ಅಂದ್ರೆ ಅಲ್ಲೂ ಬರಲ್ಲ. ಪ್ಲಾನ್ ಪಾಸು. ಗೆದ್ದೆ ಕಣಜ್ಜ ನಾನು! ಫಸ್ಟ್ ಕ್ಲಾಸು! ಇವತ್ತು ರಾತ್ರಿ ನಾನೂ ನೀನೂ ಬೆಚ್ಚಗೆ ಮುದ್ದೆ ಉಂಡು, ಗಟ್ಟಿ ತಲೆ ಇಟ್ಕಂಡು ಮಲಗಾಣ...

...ಇನ್ನೊಂದು ಸಾರಿ ನೋಡು ಅಜ್ಜ. ಒಂದೇ ಒಂದು ಸಾರಿ. ಜೋಕರ್ ಅನ್ನೋರು ಊರು ತುಂಬ ಅವ್ರೆ. ಲೋ ಅನ್ನೋಳು ಅವ್ವ ಅವ್ಳೆ. ನನ್ನ ಹೆಸರನ್ನ ಪೂರ್ತಿಯಾಗಿ, ಬಾಯ್ತುಂಬ, ರಾಗ ಎಳ್ದು ಕರೀತಿದ್ದೋನು ನೀನೊಬ್ನೇ. ರೊಪ್ಪದ ಬಾಗಿಲಲ್ಲಿ ನಿಂತು ಕರೆದ್ರೆ ಕುರಿಗಳೂ ತಿರುಗಿ ನೋಡ್ತಿದ್ವು. ಕೊನೇ ಸಾರಿ ಯಾವಾಗ ಕರೆದೆ ಅಂತ ನಂಗೇ ನೆನಪಿಲ್ಲ. ಅದು ಕೊನೇದು ಅಂತ ಗೊತ್ತಿದ್ರೆ ನೆನಪಿಟ್ಕಳ್ತಿದ್ದೆ. ಆವಾಗ ಓಡಿ ಬರಲೂ ಇಲ್ಲ ಅನ್ಸುತ್ತೆ, ಎಲ್ಲೋ ಆಡ್ತಾ ಇದ್ದೆ.

'ಕ' ಅಂತ ಶುರುವಾಗುತ್ತೆ ಅಜ್ಜ.

ಹೇಳ್ಕೊಡ್ತೀನಿ ಬಿಡು. ಬಿದ್ರೆ ಬೀಳಲಿ ಕಾಯಿ. ಕ... ನ... ಅನ್ನು. ಬಾಯಿ ತೆಗಿ. ಕನಕ. ಕನಕರಾಜ. ನೀನೇ ಇಟ್ಟಿದ್ದು ಈ ಹೆಸರು, ತೊಟ್ಟಿಲ ಹತ್ರ ನನ್ನ ಕಿವೀಲಿ ಮೊದಲು ಹೇಳಿದ್ದು ನೀನೇ. ಕನಕ ಅನ್ನು ಅಜ್ಜ. ಅಲ್ಲಿ ಎಲ್ರ ಮುಂದೆನೂ ಅನ್ನು ಬೇಕಾದ್ರೆ. ಎಷ್ಟು ಕಾಯಿ ಬೇಕಾದ್ರೂ ಒಡೀಲಿ. ಒಂದು ಸಾರಿ ಅನ್ನು...

...

ಇಲ್ಲ. ಅಳ್ತಿಲ್ಲ. ಸೀಗೆಕಾಯಿ. ನಿಂಗೆ ಹೇಳ್ತಾ ಹೇಳ್ತಾ ನಾನೇ ಕಣ್ಣು ಮುಚ್ಕಳೋದು ಮರ್ತೆ.

ಏನಜ್ಜ... ಏನು ಮಾಡ್ತೀಯ? ಕೈ ಒದ್ದೆ ಐತೆ ನಿಂದು. ಏನು ಬೇಕು, ಟವೆಲ್ಲಾ? ಹಿಡ್ಕಂಡು ಏಳ್ಬೇಕಾ? ನಿಧಾನ...

ಓ.

ನೆತ್ತಿ ಮ್ಯಾಲಾ...

ಎಷ್ಟು ಭಾರ ಅಜ್ಜ ನಿನ್ನ ಕೈ. ಬೆಚ್ಚಗೈತೆ. ಇದು ಎರಡನೇ ಕೆಲಸ ಅಜ್ಜ, ಮೊದಲನೇದು ಬಿಟ್ಟೆ ನೀನು. ಹೆಸರು ಕರೀದೆ ಕೈ ಇಡಂಗಿಲ್ಲ. ಸರಿ, ಈಗ ಮೂರನೇದು... ತೆಗೀಬೇಕು. ತೆಗಿ. ಅಜ್ಜ? ಕೈ ತೆಗಿ ಅಂದೆ.

ತೆಗೆಯಲ್ವಾ?

ಹಿಂಗೇ ಒತ್ತಿ ಹಿಡ್ಕಂಡು ಕುಂತಿರ್ತೀಯಾ? ನಾನ್ಯಾರು ಅಂತನೂ ಗೊತ್ತಿಲ್ಲ ನಿಂಗೆ...

ಬ್ಯಾಡ. ತೆಗೀಬ್ಯಾಡ ಹಂಗಿದ್ರೆ.

ಏನು ದೊಡ್ಡಪ್ಪಾ?... ಹೊತ್ತಾಯ್ತಾ?... ಇರು, ಬರಕ್ಕಾಗಲ್ಲ!... ಯಜಮಾನ್ರಿಗೆ ಹೇಳು, ಪೂಜಾರಿಗೂ ಹೇಳು...

ಅಜ್ಜ ಇನ್ನೂ ಕೈ ತೆಗ್ದಿಲ್ಲ.